ಮೇಜಿನ ಕೆಳಗಿನ ಹಗೇವು

ಮೊಮ್ಮಗಳು ಎಸ್ತೇರ ಮಿಷನ್ ಶಾಲೆಯಿಂದ ಹೊಸ ಪುಸ್ತಕ ತಂದಿದ್ದಾಳೆ. ಒಲೆಯ ಮುಂದೆ ಕೂತು, ಸಾಲಿನ ಕೆಳಗೆ ಬೆರಳಿಟ್ಟು, ಗಂಟಲು ಸರಿಮಾಡಿಕೊಂಡು ನನಗೆ ಓದಿ ಹೇಳಿದಳು: ‘ಮಹಾ ಹಸಿವಿನ ವರ್ಷದಲ್ಲಿ ದಯಾಳುವಾದ ಸರಕಾರವು ಖೋಸಾ ಜನರಿಗೆ ಜೋಳವನ್ನು ಹಂಚಿತು. ಆ ಜನರು ಕೃತಜ್ಞತೆಯಿಂದ ತಲೆಬಾಗುವುದನ್ನು ಕಲಿತರು.’

ನಾನು ಬಾಯಿಂದ ಚಿಲುಮೆ ತೆಗೆದು ಬೂದಿ ಕೊಡವಿದೆ.

"ಅದ್ರಲ್ಲಿ ಒಂದೂ ಸುಳ್ಳಿಲ್ಲ ಬಿಡು," ಎಂದೆ. "ಹಂಚಿದ್ದೂ ನಿಜ, ಬಗ್ಗಿದ್ದೂ ನಿಜ. ಜೋಳ ಯಾರದ್ದು ಅಂತ ಬರ್ದಿದಾರಾ?"

"ಇಲ್ಲ ಅಜ್ಜಿ. ಸರ್ಕಾರದ್ದೇ ಅಲ್ವಾ?"

"ಸರ್ಕಾರ ಯಾವತ್ತಾದ್ರೂ ಗುದ್ದಲಿ ಹಿಡಿದಿತ್ತೇ? ನಂದು ಆ ಜೋಳ."

ಅವಳು ಪುಸ್ತಕ ಮುಚ್ಚಿದಳು. ನಲವತ್ತು ವರ್ಷ ನಾನೂ ಬಾಯಿ ಮುಚ್ಚಿಕೊಂಡಿದ್ದೆ. ನೆರೆಮನೆಯ ಮಾಗಿಕ್ವಾ ಬದುಕಿರುವವರೆಗೆ ಹೇಳುವ ಹಾಗಿರಲಿಲ್ಲ. ಹೋದ ಚಳಿಗಾಲದಲ್ಲಿ ಅವಳು ತೀರಿಕೊಂಡಳು. ಇನ್ನು ಹೇಳಿದರೆ ಯಾರಿಗೂ ನೋವಾಗುವುದಿಲ್ಲ, ನನ್ನೊಬ್ಬಳನ್ನು ಬಿಟ್ಟು.

ನನ್ನ ಮಾವನ ಹೆಸರು ನಾನು ಹೇಳುವುದಿಲ್ಲ. ಸೊಸೆ ಮಾವನ ಹೆಸರೆತ್ತಬಾರದು ಎಂಬುದು ನಮ್ಮಲ್ಲಿನ ಕಟ್ಟಳೆ. ಅವರು ಹೋಗಿ ಇಷ್ಟು ಕಾಲವಾದರೂ ನನ್ನ ನಾಲಿಗೆ ಆ ಕಡೆ ಹೊರಳುವುದಿಲ್ಲ. ಊರವರು ಕುಲದ ಹೆಸರು ಹಿಡಿದು ‘ಕ್ವಾಯಿ’ ಎಂದು ಕರೆಯುತ್ತಿದ್ದರು. ಹೆಸರು ಹೇಳಬಾರದು ಎಂದಿದೆಯೇ ಹೊರತು ಬೈಯಬಾರದು ಎಂದು ಹಿರಿಯರು ಹೇಳಿಲ್ಲ. ಅಷ್ಟರಮಟ್ಟಿಗೆ ಹಿರಿಯರು ಒಳ್ಳೆಯವರು.

ಮಾವ ನಾಯಕನ ಸಭೆಯಲ್ಲಿ ಮಾತಾಡುವ ಹಿರಿಯರಾಗಿದ್ದರು. ಗಂಟಲು ಹೇಗಿತ್ತೆಂದರೆ, ಈ ದಿಣ್ಣೆಯಲ್ಲಿ ಕೆಮ್ಮಿದರೆ ಆ ದಿಣ್ಣೆಯವರು ‘ಏನಂದ್ರಿ?’ ಎಂದು ಕೇಳುತ್ತಿದ್ದರು. ನದಿಯ ಬಾಯಲ್ಲಿ ಒಬ್ಬ ಹುಡುಗಿಗೆ ಸತ್ತ ಹಿರಿಯರು ಕಾಣಿಸಿಕೊಂಡರಂತೆ, ದನಗಳನ್ನೆಲ್ಲ ಕೊಲ್ಲಿ, ಜೋಳವನ್ನೆಲ್ಲ ಚೆಲ್ಲಿ, ಆಗ ಸತ್ತವರು ಎದ್ದು ಬರುತ್ತಾರೆ, ಹೊಸ ದನ ಬರುತ್ತದೆ, ಜೋಳ ಹೂತಿಡುವ ಖಾಲಿ ಹಗೇವುಗಳು ತಾವಾಗಿ ತುಂಬುತ್ತವೆ, ಬಿಳಿಯರು ಸಮುದ್ರಕ್ಕೆ ಬೀಳುತ್ತಾರೆ ಎಂದರಂತೆ ಎಂಬ ಸುದ್ದಿ ಬಂದಾಗ, ಅದನ್ನು ಊರೂರಿಗೆ ಸಾರಿದ್ದು ಈ ಗಂಟಲೇ.

ನೀವು ನಗಬಹುದು. ಈಗ ನಾನೂ ನಗುತ್ತೇನೆ. ಆದರೆ ಆಗ ನಮ್ಮ ಹತ್ತಿರ ಏನು ಉಳಿದಿತ್ತು? ಅಜ್ಜನ ಕಾಲದಿಂದ ಬಿಳಿಯರ ಜೊತೆ ಯುದ್ಧದ ಮೇಲೆ ಯುದ್ಧ. ಒಂದೊಂದು ಸೋತಾಗಲೂ ಒಂದೊಂದು ನದಿ ಬಿಟ್ಟು ಹಿಂದೆ ಸರಿದಿದ್ದೆವು. ಕೊನೆಯ ಯುದ್ಧದಲ್ಲಿ ಅಮಟೋಲೆ ಬೆಟ್ಟದ ಕಾಡಿನಲ್ಲಿ ನನ್ನ ಗಂಡ ಗುಂಡೇಟು ತಿಂದು ಸತ್ತ. ಆಗ ಮಗಳು ನೊಲಿಜ್ವೆ ಇನ್ನೂ ತೆವಳುತ್ತಿದ್ದಳು. ಆಮೇಲೆ ಬಿಳಿಯರ ಹಡಗಿನಲ್ಲಿ ಬಂದ ಯಾವುದೋ ಹೋರಿಯಿಂದ ದನಗಳಿಗೆ ಶ್ವಾಸದ ರೋಗ ಹತ್ತಿತು. ದನಗಳು ನಿಂತಲ್ಲೇ ಕೆಮ್ಮಿ ಕೆಮ್ಮಿ ಬೀಳುತ್ತಿದ್ದವು. ಹೇಗೂ ಸಾಯುವ ದನ, ಕೈಯಾರೆ ಕೊಂದರೆ ಗಂಡ ಎದ್ದು ಬರುತ್ತಾನೆ ಎಂದರೆ ನಾನು ಬೇಡ ಅನ್ನಲೇ? ನಾನೂ ನಂಬಿದೆ. ಹೊಸ ಗುಡಿಸಲಿಗೆ ಹೊಸ ಹುಲ್ಲು ಹೊದಿಸಿ, ಅವನ ಚಾಪೆ ಹಾಸಿ ಇಟ್ಟಿದ್ದೆ.

ನಂಬದವರೂ ಇದ್ದರು. ಅವರನ್ನು ನಾವು ಗಟ್ಟಿಗಂಟಿನವರು, ಜಿಪುಣರು ಎಂದು ಬೈಯುತ್ತಿದ್ದೆವು. ಮಾಗಿಕ್ವಾ ಹಾಗೆ ಅಳುಕಿದವಳು. ಅವಳಿಗಿದ್ದದ್ದು ಒಬ್ಬನೇ ಮಗ. "ಒಂದು ಹಗೇವು ಇರ್ಲಿ ಬಿಡಿ ಕ್ವಾಯಿ, ಮಗ ಸಣ್ಣವನು," ಎಂದಳು. ಮಾವ ಖುದ್ದಾಗಿ ಅವಳ ಗಂಡನ ದೊಡ್ಡಿಯಲ್ಲಿ ನಿಂತು, ಕಡೆಯ ಕಾಳಿನವರೆಗೂ ತೆಗೆಸಿ ಹಳ್ಳಕ್ಕೆ ಚೆಲ್ಲಿಸಿದರು. "ನಿನ್ನೊಬ್ಬಳಿಂದ ಹಿರಿಯರು ದಾರಿ ಮಧ್ಯ ನಿಂತ್ಬಿಟ್ರೆ ಏನ್ ಮಾಡೋದು?" ಎಂದು ಗದರಿದರು.

ಈಗ ದೊಡ್ಡಿಯ ಮಾತು ಹೇಳಬೇಕು. ನಮ್ಮಲ್ಲಿ ಹಗೇವು ತೋಡುವುದು ದನದ ದೊಡ್ಡಿಯೊಳಗೆ. ಹೊಟ್ಟೆ ಅಗಲ, ಬಾಯಿ ಸಣ್ಣದು; ಬಾಯಿಗೊಂದು ಚಪ್ಪಡಿ, ಅದರ ಮೇಲೆ ಸಗಣಿ, ಅದರ ಮೇಲೆ ದನ. ಮಳೆಯ ನೀರು ಇಳಿಯುವುದಿಲ್ಲ, ಹುಳ ಹತ್ತುವುದಿಲ್ಲ, ಕಳ್ಳನಿಗೆ ಕಾಣುವುದಿಲ್ಲ. ಸಿಪಾಯಿಗಳು ಮನೆ ಸುಟ್ಟರು, ಹೊಲ ಸುಟ್ಟರು, ಆದರೆ ಅವರ ಬೂಟಿನ ಕೆಳಗೇ ನಮ್ಮ ಜೋಳ ಮಲಗಿತ್ತು. ಒಂದೇ ತೊಂದರೆ ಎಂದರೆ ವಾಸನೆ. ಹಗೇವಿನ ಜೋಳ ಹುಳಿ ಹುಳಿಯಾಗಿ ನಾರುತ್ತದೆ, ಬಾಯಿ ತೆಗೆದರೆ ಅರ್ಧ ಬೆಟ್ಟಕ್ಕೆ ಗೊತ್ತಾಗುತ್ತದೆ. ನಮಗದು ಊಟದ ವಾಸನೆ.

ಮತ್ತೆ ಇನ್ನೊಂದು: ಸೊಸೆಯಾದವಳು ದೊಡ್ಡಿಯೊಳಗೆ ಕಾಲಿಡಬಾರದು. ಅಗೆಯುವವಳು ನಾನು, ಬಿತ್ತುವವಳು ನಾನು, ಕಳೆ ಕಿತ್ತು, ಕೊಯ್ದು, ಬಡಿದು, ತಲೆಯ ಮೇಲೆ ಹೊತ್ತು ದೊಡ್ಡಿಯ ಬಾಗಿಲಿಗೆ ತರುವವಳು ನಾನು. ಅಲ್ಲಿಂದ ಮುಂದೆ ಹತ್ತು ಹೆಜ್ಜೆ ಹೊರುವುದಕ್ಕೆ ಮಾತ್ರ ಗಂಡಸರು ಬೇಕು. ಹಿರಿಯರು ಒಳ್ಳೆಯವರು ಎಂದೆನಲ್ಲ, ಎಲ್ಲ ವಿಷಯದಲ್ಲೂ ಅಲ್ಲ.

ಹೇಳಿದ ದಿನ ಬಂತು. ಎರಡು ಸೂರ್ಯ ಹುಟ್ಟುತ್ತಾರೆ ಎಂದಿದ್ದರು. ಒಬ್ಬನೇ ಹುಟ್ಟಿದ, ಎಂದಿನ ಹಾಗೆ ಎಂದಿನ ಕಡೆಯೇ ಮುಳುಗಿದ. ನನ್ನ ಗಂಡನ ಚಾಪೆ ಹಾಸಿದಂತೆಯೇ ಇತ್ತು.

ಆಮೇಲಿನ ತಿಂಗಳುಗಳ ಬಗ್ಗೆ ಹೆಚ್ಚು ಹೇಳಲಾರೆ. ಬೇರು ತಿಂದೆವು, ಜಾಲಿಯ ತೊಗಟೆ ತಿಂದೆವು, ಹಳೆಯ ಗುರಾಣಿಯ ಚರ್ಮ ಬೇಯಿಸಿ ಜಗಿದೆವು. ಮಾಗಿಕ್ವಾಳ ಮಗ ಸತ್ತ. ಅವನನ್ನು ಹೂಳುವುದಕ್ಕೆ ಹೋದ ನಾಲ್ವರಲ್ಲಿ ಇಬ್ಬರು ಗುಂಡಿಯ ಪಕ್ಕದಲ್ಲೇ ಕುಸಿದು ಕೂತರು.

ಆಗ ಬಂದ, ಕರವಸ್ತ್ರದ ದೊರೆ. ಸರಕಾರ ಕಳಿಸಿದ ಮ್ಯಾಜಿಸ್ಟ್ರೇಟ. ಅವನ ನಿಜವಾದ ಹೆಸರು ಏನೋ ಇತ್ತು, ನಮ್ಮ ಬಾಯಿಗೆ ಹಿಡಿಯಲಿಲ್ಲ. ಮೂಗಿಗೆ ಸದಾ ಬಿಳಿ ಕರವಸ್ತ್ರ ಹಿಡಿದಿರುತ್ತಿದ್ದ. ನಮ್ಮ ಮೈಗೆ ಹಚ್ಚಿದ ಕೆಮ್ಮಣ್ಣು, ಎಣ್ಣೆ, ಹೊಗೆ, ಯಾವುದೂ ಅವನಿಗೆ ಆಗುತ್ತಿರಲಿಲ್ಲ. ಜೊತೆಗೆ ದುಭಾಷಿ ಯೋನಾ. ಅವನು ನಮ್ಮವನೇ, ಮಿಷನ್‌ನಲ್ಲಿ ಓದಿ ಪ್ಯಾಂಟು ಹಾಕಿಕೊಂಡವನು.

ದೊರೆಗೆ ಡೇರೆ ಹೊಡೆಯಲು ಸಮತಟ್ಟಾದ ಜಾಗ ಬೇಕಿತ್ತು. ದಿಣ್ಣೆಯನ್ನೆಲ್ಲ ಸುತ್ತಿ ಆರಿಸಿದ್ದು ನಮ್ಮ ದೊಡ್ಡಿಯನ್ನು. ದನ ಇಲ್ಲ, ನೆಲ ಗಟ್ಟಿಯಾಗಿದೆ, ಇರುವೆಯ ಕಾಟವಿಲ್ಲ, ಸುತ್ತ ಬೇಲಿಯೂ ಇದೆ. ಡೇರೆ ಎದ್ದಿತು, ಬಾವುಟ ಹಾರಿತು, ಒಳಗೆ ಮೇಜು ಬಂತು. ಗೂಟ ಹೊಡೆಯುವಾಗ ಮಾವನ ಮುಖ ಬೂದಿಯ ಬಣ್ಣಕ್ಕೆ ತಿರುಗಿತು. ಪಾಪ, ಅಪ್ಪ ಅಜ್ಜಂದಿರನ್ನು ಹೂತ ದೊಡ್ಡಿ ಹೋಯಿತಲ್ಲ ಎಂದು ಸಂಕಟಪಡುತ್ತಿದ್ದಾರೆ ಎಂದುಕೊಂಡೆ. ನನ್ನ ಬುದ್ಧಿಗಿಷ್ಟು!

ದೊರೆಯ ಕೆಲಸ ಸರಳ. ಹಸಿದವರು ಬಂದು ಕಾಗದದ ಮೇಲೆ ಅಡ್ಡಗೀಟು, ಉದ್ದಗೀಟು ಎಳೆಯಬೇಕು. ಎಳೆದರೆ, ಕರೆದೊಯ್ಯುವ ಗಾಡಿ ಬರುವವರೆಗೆ ದಿನಕ್ಕೊಂದು ಬೊಗಸೆ ಕಾಳು, ಮತ್ತು ಗಡಿಯಾಚೆ ಬಿಳಿಯರ ಸೀಮೆಯಲ್ಲಿ ಯಾರದೋ ಹೊಲದಲ್ಲಿ ಐದು ವರ್ಷದ ದುಡಿಮೆ. ಎಳೆಯದಿದ್ದರೆ ಎರಡೂ ಇಲ್ಲ. ಬೊಗಸೆಯ ಆಸೆಗೆ ನಾನೂ ಹೋಗಿ ದೊಡ್ಡಿಯ ಬಾಗಿಲ ಹೊರಗೆ ನಿಂತೆ. ಯೋನಾ ಅಲ್ಲಿಗೇ ಬಂದು ನೊಲಿಜ್ವೆಯನ್ನು ನೋಡಿದ.

"ಮಗೂಗೆ ಎಷ್ಟು ವರ್ಷ ಅಕ್ಕಾ?"

"ಐದು."

"ಹಾಗಾದ್ರೆ ಬೇರೆ ಚೀಟಿ."

"ಬೇರೆ ಅಂದ್ರೆ?"

"ಬೇರೆ ಚೀಟಿ, ಬೇರೆ ಯಜಮಾನ. ನೀನು ಒಂದ್ಕಡೆ, ಅವಳು ಒಂದ್ಕಡೆ. ನಾಲ್ಕರ ಒಳಗಿದ್ರೆ ತಾಯಿ ಜೊತೆ ಬಿಡ್ತಾರೆ. ನಾನೇನ್ ಮಾಡ್ಲಿ, ದೊರೆ ಮಾಡಿದ ಕಾನೂನು."

ಅದನ್ನು ಕೇಳಿ ಮಗುವನ್ನು ಎತ್ತಿಕೊಂಡು ಮನೆಗೆ ಬಂದೆ. ಗಂಡನನ್ನು ಬಂದೂಕಿನ ಗುಂಡಿಗೆ ಕೊಟ್ಟೆ, ದನವನ್ನು ರೋಗಕ್ಕೆ ಕೊಟ್ಟೆ, ಜೋಳವನ್ನು ಹುಡುಗಿಯ ಕನಸಿಗೆ ಕೊಟ್ಟೆ. ಇದೊಂದನ್ನು ಕೊಡುವುದಿಲ್ಲ ಎಂದುಕೊಂಡೆ. ನೊಲಿಜ್ವೆ ಎರಡು ದಿನವಾದ ಮೇಲೆ ನಿಂತಲ್ಲೇ ಬಿದ್ದಳು. ಎತ್ತಿದರೆ ಮೈಯಲ್ಲಿ ಭಾರವೇ ಇಲ್ಲ.

ಮಾವ ಗುಡಿಸಲಿನ ಮೂಲೆಯಲ್ಲಿ ಕೂತು ಇದನ್ನೆಲ್ಲ ನೋಡುತ್ತಿದ್ದರು. ಎಷ್ಟೋ ದಿನದಿಂದ ಆ ಗಂಟಲಿನಿಂದ ಮಾತು ಹೊರಟಿರಲಿಲ್ಲ.

"ಸೊಸೇ," ಎಂದರು. "ನಮ್ಮ ದೊಡ್ಡೀಲಿ ಹಗೇವು ಎಷ್ಟಿದ್ವು?"

"ಎರಡು, ಮಾವಾ."

"ಖಾಲಿ ಮಾಡಿದ್ದು?"

"ಎರಡೂ ಅಂತ ನೀವೇ ಊರೆಲ್ಲ ಸಾರಿದ್ರಲ್ಲ."

"ಸಾರಿದ್ದು ಎರಡು," ಎಂದರು ಮಾವ. "ಖಾಲಿ ಮಾಡಿದ್ದು ಒಂದು."

ನನಗೆ ಮೊದಲು ಅರ್ಥವಾಗಲಿಲ್ಲ. ಅರ್ಥವಾದ ಮೇಲೆ ನಗು ಬಂತು, ಸಿಟ್ಟು ಬಂತು, ಎರಡೂ ಒಟ್ಟಿಗೆ ಬಂದವು. ಹೇಳೋದು ಆಚಾರ, ತಿನ್ನೋದು ಬದನೇಕಾಯಿ ಅಂತಾರಲ್ಲ, ಈ ಪುಣ್ಯಾತ್ಮರು ಬದನೇಕಾಯನ್ನೂ ತಿನ್ನದೆ ಮುಚ್ಚಿಟ್ಟು ಮನೆಮಂದಿಯನ್ನು ಉಪವಾಸ ಕೆಡವಿದ್ದರು.

"ಹಾಗಾದ್ರೆ ನೀವು ನಂಬಿರ್ಲೇ ಇಲ್ವಾ?"

"ನಂಬಿದ್ದೆ ಕಣವ್ವಾ! ಹಿರಿಯರಾಣೆಗೂ ನಂಬಿದ್ದೆ. ಅದಕ್ಕೇ ಇಟ್ಟಿದ್ದು."

"ಇದೇನು ಮಾತು?"

"ಅಷ್ಟೊಂದು ಜನ ಒಂದೇ ಸಲ ಎದ್ದು ಬಂದ್ರೆ, ಹೊಸ ಜೋಳ ಬರೋದು ಒಂದೆರಡು ದಿನ ತಡ ಆದ್ರೆ, ಬಂದೋರಿಗೆ ಏನು ಬಡಿಸೋದು? ನಮ್ಮಪ್ಪ ಹಸಿವು ತಡೆಯೋ ಮನುಷ್ಯ ಅಲ್ಲ. ನಿನ್ ಗಂಡನೂ ಅಲ್ಲ."

ನೊಲಿಜ್ವೆಯ ತಲೆಯನ್ನು ತೊಡೆಯ ಮೇಲೆಳೆದುಕೊಂಡೆ.

"ಮತ್ತೆ ಯಾರೂ ಎದ್ದು ಬರ್ಲಿಲ್ವಲ್ಲ. ಆಗಲೇ ತೆಗೀಬಾರ್ದಿತ್ತಾ?"

"ತೆಗೆದ್ರೆ ವಾಸನೆ ಬರುತ್ತೆ. ವಾಸನೆ ಬಂದ್ರೆ ಎಲ್ರಿಗೂ ಗೊತ್ತಾಗುತ್ತೆ. ಮಾಗಿಕ್ವಾ ಮುಖ ಹೇಗೆ ನೋಡ್ಲಿ? ಇವತ್ತು ನಾಳೆ ಅಂತ ನೂಕ್ತಾ ಇದ್ದೆ. ಅಷ್ಟ್ರಲ್ಲಿ ಈ ಕರವಸ್ತ್ರದೋನು ಬಂದು ಅದ್ರ ಮೇಲೇ ಮೇಜು ಹಾಕ್ಕೊಂಡು ಕೂತ."

ಭಾನುವಾರ ಬೆಳಿಗ್ಗೆ ದೊರೆ ಯೋನಾನನ್ನೂ ಕಾವಲಿನವರನ್ನೂ ಕರೆದುಕೊಂಡು ಮಿಷನ್‌ಗೆ ಪ್ರಾರ್ಥನೆಗೆ ಹೋಗುವುದು ರೂಢಿ. ಹಂಚುವ ಕಾಳನ್ನು ಮಿಷನ್‌ನಲ್ಲೇ ಇಡುತ್ತಿದ್ದರು, ಡೇರೆಯಲ್ಲಿ ಕದಿಯುವುದಕ್ಕೆ ಕಾಗದ ಬಿಟ್ಟು ಏನೂ ಇರಲಿಲ್ಲ. ಆ ಭಾನುವಾರ ಅವರ ಕುದುರೆಗಳು ದಿಣ್ಣೆ ಇಳಿದ ಮೇಲೆ ನಾವು ಹೊರಟೆವು. ಮಾವನಿಗೆ ಗುದ್ದಲಿ ಎತ್ತುವ ಶಕ್ತಿ ಇರಲಿಲ್ಲ, ಅಗೆಯಬೇಕಾದವಳು ನಾನೇ. ದೊಡ್ಡಿಯ ಬಾಗಿಲಿಗೆ ಬಂದಾಗ ನನ್ನ ಕಾಲು ತಾನಾಗಿ ನಿಂತಿತು. ಮಾವನೂ ನಿಂತರು. ಕೋಲೂರಿಕೊಂಡು, ನಾಯಕನ ಸಭೆಯಲ್ಲಿ ನಿಂತ ಹಾಗೆ ಗಂಟಲು ಸರಿಮಾಡಿಕೊಂಡರು.

"ಪ್ರಶ್ನೆ ಏನು? ದನ ಇಲ್ಲದ ದೊಡ್ಡಿ ದೊಡ್ಡಿಯೋ, ಅಲ್ವೋ? ಅಲ್ಲ ಅಂತ ಒಬ್ಬ ಅಂತಾನೆ. ಹೌದು, ಯಾಕಂದ್ರೆ ಹಿರಿಯರು ಇಲ್ಲೇ ಮಲಗಿದಾರೆ ಅಂತ ಇನ್ನೊಬ್ಬ ಅಂತಾನೆ. ಇಬ್ರ ಮಾತಲ್ಲೂ ತೂಕ ಇದೆ..."

"ಮಾವಾ, ಬಿಸಿಲು ಏರ್ತಾ ಇದೆ."

"ತಡಿಯವ್ವಾ, ತೀರ್ಪಿಗೆ ಬಂದೆ. ಡೇರೆ ಹೊಡೆದ ಮೇಲೆ ಇದು ಬಿಳಿಯರ ಮನೆ. ಸೊಸೆ ಬಿಳಿಯರ ಮನೆಗೆ ಕಾಲಿಡಬಾರದು ಅಂತ ಹಿರಿಯರು ಎಲ್ಲೂ ಹೇಳಿಲ್ಲ."

"ಹಿರಿಯರು ಬಿಳಿಯರನ್ನ ನೋಡೇ ಇರ್ಲಿಲ್ವಲ್ಲ."

"ಅದಕ್ಕೇ ಹೇಳಿಲ್ಲ. ಬಾ ಒಳಗೆ."

ತೀರ್ಪು ಚೆನ್ನಾಗಿತ್ತು. ಅದು ನಮ್ಮ ಕುತ್ತಿಗೆಗೇ ಬರುತ್ತದೆ ಎಂದು ಆಗ ತಿಳಿಯಲಿಲ್ಲ. ಕಣ್ಣು ಮುಚ್ಚಿಕೊಂಡು ಕಾಲು ಒಳಗಿಟ್ಟೆ. ಆಕಾಶ ಬೀಳಲಿಲ್ಲ. ಕಾಲಿನ ಕೆಳಗೆ ಒಣಗಿದ ಸಗಣಿ ಬೆಚ್ಚಗಿತ್ತು.

ಮೇಜನ್ನು ಪಕ್ಕಕ್ಕೆ ಎಳೆದೆವು. ಅಗೆದೆ, ಕೂತು ಸುಧಾರಿಸಿಕೊಂಡೆ, ಮತ್ತೆ ಅಗೆದೆ. ಚಪ್ಪಡಿ ಸಿಕ್ಕಿತು. ಇಬ್ಬರೂ ಸೇರಿ ಸರಿಸಿದಾಗ ಆ ವಾಸನೆ ಎದ್ದಿತು ನೋಡಿ, ನನ್ನ ಕಣ್ಣಲ್ಲಿ ನೀರು ಬಂತು. ತವರಿನ ವಾಸನೆ ಅದು. ಬಗ್ಗಿ ಕೈ ಚಾಚಲು ಹೋದೆ. ಮಾವ ಕೋಲಿನಿಂದ ತಡೆದರು.

"ಏಯ್! ಒಳಗಿನ ಗಾಳಿ ಕುಡಿದು ಸಾಯ್ತೀಯಾ? ಗಾಳಿ ಬದಲಾಗ್ಬೇಕು."

ಅದು ನಿಜ. ಎಷ್ಟೋ ಕಾಲ ಮುಚ್ಚಿದ ಹಗೇವಿಗೆ ತಟ್ಟನೆ ಇಳಿದವರು ಹೆಣವಾಗಿ ಮೇಲೆ ಬಂದಿದ್ದಾರೆ. ಕಾಳು ಕೈಗೆಟುಕದಷ್ಟು ಕೆಳಗಿತ್ತು, ಇಳಿಯದೆ ವಿಧಿಯಿಲ್ಲ. ಉರಿಯುವ ಹುಲ್ಲಿನ ಕಡ್ಡಿ ಇಳಿಬಿಟ್ಟೆವು, ಆರಿತು. ಕಾದೆವು. ಮತ್ತೊಂದು ಬಿಟ್ಟೆವು, ಅದೂ ಆರಿತು. ಹೊಟ್ಟೆ ಉರಿಯುತ್ತಿದೆ, ಕಡ್ಡಿ ಉರಿಯುತ್ತಿಲ್ಲ. ನಾನು ನನ್ನ ಕಂಬಳಿ ತೆಗೆದು ಗುಂಡಿಯ ಬಾಯಿಗೆ ಬೀಸುತ್ತಾ ಕೂತೆ. ಬೀಸಿದ ಗಾಳಿ ಎಲ್ಲಿಗೆ ಹೋಗುತ್ತದೆ ಎಂದು ಇಬ್ಬರಿಗೂ ಹೊಳೆಯಲಿಲ್ಲ.

ಹೊಳೆಯುವ ಹೊತ್ತಿಗೆ ಡೇರೆಯ ಬಾಗಿಲಲ್ಲಿ ಜನ. ವಾಸನೆ ಊರಿಗೆಲ್ಲ ಡಂಗುರ ಹೊಡೆದಿತ್ತು. ಎದ್ದು ನಿಲ್ಲಲಾಗದವರೂ ತೆವಳಿಕೊಂಡು ಬಂದಿದ್ದರು. ಎಲ್ಲರೂ ಮೂಗು ಅರಳಿಸುತ್ತಿದ್ದರು. ಮುಂದೆಯೇ ಮಾಗಿಕ್ವಾ ನಿಂತಿದ್ದಳು. ಅವರ ಹಿಂದೆ ಕುದುರೆಗಳ ಸದ್ದಾಯಿತು. ದೊರೆಯ ಪ್ರಾರ್ಥನೆ ಮುಗಿದಿತ್ತು.

ತನ್ನ ಕಚೇರಿಯ ನಡುವೆ ಗುಂಡಿ ಕಂಡು ದೊರೆ ಕರವಸ್ತ್ರವನ್ನೇ ಬೀಳಿಸಿದ. ಪಿಸ್ತೂಲು ಹೊರಗೆ ಬಂತು.

"ಬಂದೂಕುಗಳೆಲ್ಲಿ ಅಂತ ಕೇಳ್ತಿದಾರೆ," ಎಂದ ಯೋನಾ.

"ಬಂದೂಕಲ್ಲಪ್ಪ, ಜೋಳ," ಎಂದೆ ನಾನು. "ಮೂಗಿಲ್ವಾ ನಿನ್ನ ದೊರೆಗೆ?"

ದೊರೆ ದೂರದಿಂದಲೇ ಇಣುಕಿದ. ಕರವಸ್ತ್ರ ಎತ್ತಿಕೊಂಡು ಮೂಗಿಗೆ ಒತ್ತಿ ಏನೋ ಕೇಳಿದ.

"ಯಾರ ಜೋಳ ಅಂತ ಕೇಳ್ತಿದಾರೆ," ಎಂದ ಯೋನಾ.

ಒಂದೇ ಮಾತು ಸಾಕಿತ್ತು. ಮನೆಯ ಯಜಮಾನರು ‘ನಂದು’ ಎಂದರೆ ಸಾಕಿತ್ತು. ಮಗು ಉಳಿಯುತ್ತಿತ್ತು, ಯಾವ ಚೀಟಿಯೂ ಬೇಕಾಗುತ್ತಿರಲಿಲ್ಲ. ನಾನು ಮಾವನ ಮುಖ ನೋಡಿದೆ. ಮಾವ ಜನರ ಮುಖ ನೋಡಿದರು. ಒಂದೊಂದೇ ಮುಖ ದಾಟಿ ಅವರ ಕಣ್ಣು ಮಾಗಿಕ್ವಾಳ ಹತ್ತಿರ ಬಂದು ನಿಂತಿತು. ಆಮೇಲೆ ಅವರು ಕೋಲೂರಿ ಎದ್ದರು. ಎಲ್ಲಿತ್ತೋ ಏನೋ, ಆ ಹಳೆಯ ಗಂಟಲು ಮತ್ತೆ ಹೊರಟಿತು.

"ಜನರೇ! ನಾನು ಹೇಳಿರ್ಲಿಲ್ವಾ? ಹಗೇವು ತನ್ನಷ್ಟಕ್ಕೆ ತಾನೇ ತುಂಬುತ್ತೆ ಅಂತ ಆ ಹುಡುಗಿ ಹೇಳಿರ್ಲಿಲ್ವಾ? ಇದನ್ನ ನನ್ನ ಕೈಯಾರೆ ಖಾಲಿ ಮಾಡಿದ್ದೆ. ಬಂದು ನೋಡ್ರಿ! ತುಂಬಿದೆ!"

ಜಟ್ಟಿ ಕೆಳಗೆ ಬಿದ್ದ, ಮೀಸೆ ಮಾತ್ರ ಮಣ್ಣಾಗಲಿಲ್ಲ. ಜನ ಹೋ ಎಂದು ಅತ್ತರು. ಮುದುಕರು ನೆಲಕ್ಕೆ ಬಿದ್ದು ಸತ್ತವರ ಹೆಸರು ಕೂಗಿದರು. ನನಗೆ ಮೈಯೆಲ್ಲ ಉರಿಯಿತು.

"ಸುಳ್ಳು!" ಎಂದೆ. "ಬಿತ್ತಿದ್ದು ನಾನು! ಬಡಿದಿದ್ದು ನಾನು! ನನ್ನ ಜೋಳ ಇದು!"

"ದೊಡ್ಡಿ ಒಳಗೆ ನಿಂತು ಮಾವನ ಎದುರು ಬಾಯಿ ಮಾಡ್ತಾಳಲ್ಲೋ, ಮಾನಗೆಟ್ಟೋಳು," ಎಂದ ಒಬ್ಬ ಮುದುಕ. ಹಸಿವಿನಲ್ಲೂ ಅವನಿಗೆ ನನ್ನ ಕಾಲು ಎಲ್ಲಿದೆ ಎಂಬುದೇ ಮುಖ್ಯ.

ಮಾಗಿಕ್ವಾ ಬಂದು ನನ್ನ ಮಣಿಕಟ್ಟು ಹಿಡಿದಳು. ಎಲುಬಿನ ಹಿಡಿತ.

"ದಮ್ಮಯ್ಯ ಅಂತೀನಿ, ಸುಮ್ನಿರೇ," ಎಂದಳು ಮೆಲ್ಲಗೆ. "ನಿಂದೇ ಅಂತ ನಂಗೂ ಗೊತ್ತು. ಇವತ್ತು ಹುಟ್ಟಿದ ಜೋಳ ಹೀಗೆ ನಾರುತ್ತಾ? ಆದ್ರೆ ಅದು ನಿಂದು ಅಂತಾದ್ರೆ, ನನ್ನ ಮಗ ಯಾಕೆ ಸತ್ತ ಹೇಳು. ಪವಾಡ ಅನ್ನೋದೇ ಇರ್ಲಿ ಬಿಡೇ. ನಂಗೆ ಮಾತ್ರ ಸ್ವಲ್ಪ ತಡವಾಗಿ ಬಂತು ಅಂದ್ಕೋತೀನಿ."

ಮಗುವನ್ನು ಕಳೆದುಕೊಳ್ಳಲಾರೆ ಎಂದು ಹಟ ಹಿಡಿದವಳು ನಾನು. ಕಳೆದುಕೊಂಡವಳು ನನ್ನ ಕೈ ಹಿಡಿದು ನಿಂತಿದ್ದಳು.

ಯೋನಾ ದಡ್ಡನಲ್ಲ. ಅವನು ನನ್ನನ್ನೂ ಮಾವನನ್ನೂ ನೋಡಿ ಮತ್ತೆ ಕೇಳಿದ. "ದೊಡ್ಡಪ್ಪಾ, ದೊರೆ ಇನ್ನೊಂದ್ಸಲ ಕೇಳ್ತಿದಾರೆ. ಯೋಚ್ನೆ ಮಾಡಿ ಹೇಳಿ. ನಿಮ್ದೋ, ಅಲ್ವೋ?"

"ನಂದಲ್ಲ. ಹಿರಿಯರದ್ದು."

"ಹಿರಿಯರು ಎಲ್ಲಿದಾರೆ ಅಂತ ಕೇಳ್ತಾರೆ."

"ಸತ್ತಿದಾರೆ."

ಯೋನಾ ಅದನ್ನು ಹಾಗೇ ತಲುಪಿಸಿದ. ದೊರೆಯ ಮುಖ ಬೆಳಗಿತು. ವಾರಸುದಾರರು ಸತ್ತಿದ್ದಾರೆ, ಮಾಲು ಸಿಕ್ಕಿದ್ದು ಸರಕಾರದ ಕಚೇರಿಯ ಕೆಳಗೆ, ಆದ್ದರಿಂದ ಮಾಲು ಸರಕಾರದ್ದು. ಇದು ಬಿಳಿಯರ ಮನೆ ಎಂದು ಬೆಳಿಗ್ಗೆ ತೀರ್ಪು ಕೊಟ್ಟವರು ನಮ್ಮ ಮಾವನೇ ತಾನೇ? ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ಕಾವಲಿನವರು ಬಂದೂಕು ಹಿಡಿದು ಗುಂಡಿಯ ಸುತ್ತ ನಿಂತರು, ಸಂಜೆಯೊಳಗೆ ನನ್ನ ಜೋಳ ಸರಕಾರದ ಚೀಲಗಳಿಗೆ ಸೇರಿತು. ಗೀಟು ಎಳೆದವರಿಗೆ ಬೊಗಸೆ, ಎಳೆಯದವರಿಗೆ ವಾಸನೆ.

ಮರುದಿನ ಬೆಳಿಗ್ಗೆ ಮಾಗಿಕ್ವಾ ಮೊದಲಿಗಳಾಗಿ ಹೋಗಿ ಗೀಟು ಎಳೆದಳು. ಅವಳಿಗಿನ್ನು ಬೇರೆ ಮಾಡುವುದಕ್ಕೆ ಮಕ್ಕಳಿರಲಿಲ್ಲ. ಬಂದ ಕಾಳು ಕುದಿಸಿ, ಮಣ್ಣಿನ ಬಟ್ಟಲಲ್ಲಿ ತಂದು ನೊಲಿಜ್ವೆಯ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಗಂಜಿ ಕುಡಿಸಿದಳು. "ಪವಾಡದಲ್ಲಿ ನಿಂಗೂ ಪಾಲಿದೆ ಕುಡಿ," ಎಂದಳು. ದಿನಾ ತನ್ನ ಪಾಲಿನಲ್ಲಿ ಅರ್ಧ ತಂದಳು. ಮಾವನಿಗೂ ಕೊಡಲು ಹೋದಳು. ಅವರು ಮುಖ ಗೋಡೆಗೆ ತಿರುಗಿಸಿದರು.

"ತಿನ್ನಿ ಮಾವಾ," ಎಂದೆ ನಾನು. "ಬಂದೋರಿಗೆ ಬಡಿಸೋಕೆ ಅಂತ ಇಟ್ಟಿದ್ದು ತಾನೇ. ಬಡಿಸ್ತಾ ಇದೀವಿ."

"ಅವಳ ಕೈಯಿಂದ ನಂಗೆ ಇಳಿಯಲ್ಲ," ಎಂದರು.

ನಾಲ್ಕನೆಯ ದಿನ ಹೋಗಿಬಿಟ್ಟರು. ಹಸಿವು ಕೊಂದಿತೋ ನಾಚಿಕೆ ಕೊಂದಿತೋ ನಾನು ಕಾಣೆ. ಆ ಮನುಷ್ಯನ ಮೇಲೆ ನನಗೆ ಇನ್ನೂ ಸಿಟ್ಟಿದೆ, ಆ ಗಂಟಲು ಇನ್ನೊಮ್ಮೆ ಕೇಳಬೇಕೆಂಬ ಆಸೆಯೂ ಇದೆ.

ಮನೆಯ ಯಜಮಾನನನ್ನು ಹೂಳಬೇಕಾದದ್ದು ದೊಡ್ಡಿಯಲ್ಲಿ, ಕೂತ ಭಂಗಿಯಲ್ಲಿ. ದೊಡ್ಡಿಯಲ್ಲಿ ಡೇರೆ ಇದೆ. ಕೇಳಿದರೆ ದೊರೆ ಕರವಸ್ತ್ರ ಬೀಸುತ್ತಾನೆ. ಅವತ್ತೇ ಮಧ್ಯಾಹ್ನ ದೊರೆ ಹಕ್ಕಿ ಹೊಡೆಯಲು ಹೋಗುವ ಮುಂಚೆ, ಕುರ್ಚಿಯ ಕಾಲು ಜಾರುತ್ತದೆ, ಆ ಹಾಳು ಗುಂಡಿ ಮುಚ್ಚಿಸು ಎಂದು ಯೋನಾನಿಗೆ ಅಪ್ಪಣೆ ಮಾಡಿ ಹೋದ.

ನಾನು ಯೋನಾನ ಹತ್ತಿರ ಹೋದೆ. "ಗುಂಡಿ ಮುಚ್ತೀಯಂತೆ?"

"ಹೂಂ ಅಕ್ಕಾ."

"ಮುಚ್ಚೋಕ್ ಮುಂಚೆ ಒಂದು ಸಾಮಾನು ಒಳಗಿಡ್ಬೇಕು."

ಅವನು ನನ್ನ ಮುಖ ನೋಡಿದ. ಪ್ಯಾಂಟಿನ ಕಾಲು ಮಡಚಿಕೊಂಡು ತಾನೇ ಬಂದು ಮಾವನ ಹೆಗಲು ಹಿಡಿದ. ಹಗೇವು ಹೇಳಿ ಮಾಡಿಸಿದಂತಿತ್ತು. ಮಂಡಿ ಮಡಿಸಿ, ಕಂಬಳಿ ಹೊದಿಸಿ, ಕೋಲು ಕೈಗೆ ಕೊಟ್ಟು ಕೂರಿಸಿದೆವು. ಮಾಗಿಕ್ವಾ ಬೊಗಸೆಯಲ್ಲಿ ಕಾಳು ತಂದು ಅವರ ಮಡಿಲಿಗೆ ಹಾಕಿದಳು. ಮಣ್ಣು ತುಂಬಿ, ಸಗಣಿ ಸಾರಿಸಿ, ಮೇಜನ್ನು ಮೊದಲಿದ್ದ ಜಾಗಕ್ಕೇ ಎಳೆದು ಇಟ್ಟೆವು. ದೊರೆ ಬಂದು ಕಾಲಿನಿಂದ ನೆಲ ಒತ್ತಿ ನೋಡಿ, ಅಚ್ಚುಕಟ್ಟಾಗಿದೆ ಎಂದು ಮೆಚ್ಚಿದ.

ಮಾಗಿಕ್ವಾ ಮರುದಿನ ಗಾಡಿ ಹತ್ತಬೇಕಿತ್ತು. ಅವಳು ಹೋದರೆ ನೊಲಿಜ್ವೆಗೆ ಗಂಜಿ ಇಲ್ಲ. ನಾನು ಡೇರೆಗೆ ಹೋದೆ. ಯೋನಾ ತಲೆಯೆತ್ತದೆ ಎರಡು ಚೀಟಿ ಮುಂದಿಟ್ಟ. ನಾನು ಮೊದಲು ಮಂಡಿಯೂರಿ ಮೇಜಿನ ಕೆಳಗಿನ ನೆಲಕ್ಕೆ ತಲೆಬಾಗಿದೆ, ಆಮೇಲೆ ಯೋನಾನ ಕಡೆ ತಿರುಗಿದೆ.

"ಒಂದೇ ಚೀಟೀಲಿ ಇಬ್ರನ್ನೂ ಬರಿ."

"ಆಗಲ್ಲ ಅಕ್ಕಾ. ಕಾನೂನು."

"ಹಾಗಾದ್ರೆ ದೊರೆಗೆ ಹೇಳು, ಅವನ ಬೂಟಿನ ಕೆಳಗೆ ಯಾರು ಕೂತಿದಾರೆ ಅಂತ. ನೀನು ಹೇಳ್ದಿದ್ರೆ ನಾನೇ ಮೇಜು ಸರಿಸಿ ಅಗೀತೀನಿ. ಮಣ್ಣು ಎಳೆದ ಕೈ ಯಾರದ್ದು ಅಂತಾನೂ ಹೇಳ್ತೀನಿ."

ಯೋನಾನ ಹಣೆಯಲ್ಲಿ ಬೆವರು ಮೂಡಿತು. ದೊರೆ ಕರವಸ್ತ್ರದ ಹಿಂದಿನಿಂದ ಏನೋ ಕೇಳಿದ. ಯೋನಾ ಏನೋ ಹೇಳಿದ. ದೊರೆ ನೊಲಿಜ್ವೆಯನ್ನು ನೋಡಿ ತಲೆಯಾಡಿಸಿದ.

"ಏನಂದೆ?" ಎಂದೆ.

"ಮಗೂಗೆ ಮೂರು ವರ್ಷ ಅಂದೆ."

ಹಸಿವು ಅವಳನ್ನು ಅಷ್ಟು ಕುಗ್ಗಿಸಿತ್ತು, ದೊರೆ ನಂಬಿದ. ಒಂದೇ ಚೀಟಿ. ನಾನು ಗೀಟು ಎಳೆದೆ. ನನ್ನ ಜೋಳವನ್ನು ನನ್ನದೇ ಐದು ವರ್ಷ ಕೊಟ್ಟು ಕೊಂಡುಕೊಂಡೆ. ಬದುಕಿದ್ದಾಗ ಒಂದು ಮಾತು ಆಡಿ ಮಾಡಬಹುದಾಗಿದ್ದ ಉಪಕಾರವನ್ನು ಮಾವ ಸತ್ತ ಮೇಲೆ ಸುಮ್ಮನೆ ಕೂತು ಮಾಡಿದರು.

"ಮತ್ತೆ ನೆಲಕ್ಕೆ ಬಗ್ಗಿದ್ದು ಯಾಕೆ ಅಂತ ಕೇಳಿದ್ರು," ಎಂದ ಯೋನಾ. "ಸರ್ಕಾರಕ್ಕೆ ಗೌರವ ಅಂದೆ."

ದೊರೆಗೆ ಅದು ಬಹಳ ಹಿಡಿಸಿತಂತೆ. ಮೇಜಿನ ಕೆಳಗೆ ಯಾರು ಕೂತಿದ್ದಾರೆ ಎಂಬುದು ಅಷ್ಟರಲ್ಲಿ ನಮ್ಮವರ ಕಿವಿಯಿಂದ ಕಿವಿಗೆ ಹರಿದಿತ್ತು. ಅವತ್ತಿನಿಂದ ಡೇರೆಗೆ ಬಂದವರೆಲ್ಲ ಮೊದಲು ಮೇಜಿನ ಕೆಳಕ್ಕೆ ಬಗ್ಗಿ "ಕ್ವಾಯಿ!" ಎನ್ನುವುದು, ಆಮೇಲೆ ದೊರೆಯ ಮುಖ ನೋಡುವುದು. ಕೆಲವರು ಸತ್ತ ಹಿರಿಯರಿಗೆ ಕೊಡುವ ಹಾಗೆ ಒಂದು ಚಿಟಿಕೆ ನಶ್ಯವನ್ನೂ ಉದುರಿಸುತ್ತಿದ್ದರು. ಈ ಜನ ಎಷ್ಟು ಬೇಗ ವಿನಯ ಕಲಿತರು ಎಂದು ಅವನು ಮೇಲಿನವರಿಗೆ ಉದ್ದನೆಯ ಕಾಗದ ಬರೆದನಂತೆ. ಎಸ್ತೇರಳ ಪುಸ್ತಕದ ಆ ಸಾಲು ಅಲ್ಲಿಂದ ಬಂದಿರಬೇಕು.

"ಹಾಗಾದ್ರೆ ನಾಳೆ ಟೀಚರಮ್ಮಂಗೆ ಏನ್ ಹೇಳ್ಲಿ ಅಜ್ಜಿ?" ಎಂದು ಎಸ್ತೇರ ಕೇಳಿದಳು.

"ಪುಸ್ತಕದಲ್ಲಿ ಇದ್ದದ್ದನ್ನೇ ಹೇಳು. ಪರೀಕ್ಷೆ ಅವರದ್ದು."

ಐದು ವರ್ಷ ಬಿಳಿಯರ ಸೀಮೆಯಲ್ಲಿ ಯಾರದೋ ಕುರಿ ತೊಳೆದೆ, ಯಾರದೋ ಬಟ್ಟೆ ಒಗೆದೆ. ಚೀಟಿ ಮುಗಿದ ಮೇಲೆ ನೊಲಿಜ್ವೆಯ ಕೈ ಹಿಡಿದು ನಡೆದುಕೊಂಡು ಬಂದೆ. ನಮ್ಮ ದಿಣ್ಣೆಯ ಹೊಲಗಳೆಲ್ಲ ಬೇರೆಯವರದಾಗಿದ್ದವು. ದೊಡ್ಡಿಯ ಜಾಗದಲ್ಲಿ ಕಲ್ಲಿನ ಕಚೇರಿ ಎದ್ದಿತ್ತು. ನಮ್ಮದೇ ಊರಲ್ಲಿ ಇರುವುದಕ್ಕೆ ಪರವಾನಗಿ ಬರೆಸಿಕೊಳ್ಳಬೇಕು, ಅದಕ್ಕೆ ಅಲ್ಲಿಗೇ ಹೋಗಬೇಕು.

ಹೋದೆವು. ಹೊಸ ದೊರೆ, ಹಳೆಯ ಯೋನಾ, ಅದೇ ಜಾಗದಲ್ಲಿ ಅದೇ ಮೇಜು. ಸಾಲಿನಲ್ಲಿ ನಮ್ಮ ಮುಂದಿದ್ದವರು ಒಬ್ಬೊಬ್ಬರೇ ಬಗ್ಗುತ್ತಿದ್ದರು. ನಮ್ಮ ಸರದಿ ಬಂದಾಗ ನೊಲಿಜ್ವೆಯ ಹೆಗಲು ಒತ್ತಿದೆ.

"ಬಗ್ಗು."

"ಯಾರಿಗಮ್ಮಾ? ಆ ಬಿಳಿಯನಿಗಾ?"

"ಅವನಿಗ್ಯಾಕೆ? ನಿಮ್ಮಜ್ಜನಿಗೆ."

ಅವಳು ಬಗ್ಗಿದಳು. ಹತ್ತು ವರ್ಷದ ಹುಡುಗಿ, ಕೆನ್ನೆ ತುಂಬಿಕೊಂಡಿತ್ತು, ತೋಳು ತುಂಬಿಕೊಂಡಿತ್ತು. ಸೊಸೆ ಮಾವನ ಹೆಸರು ಹೇಳಬಾರದು, ಹೇಳಲಿಲ್ಲ. ಅವಳ ಪಕ್ಕದಲ್ಲಿ ಮಂಡಿಯೂರಿ ನೆಲಕ್ಕೆ ಬಾಯಿ ಹತ್ತಿರ ತಂದೆ.

"ಮಾವಾ," ಎಂದೆ. "ನೊಲಿಜ್ವೆ ಬಂದಿದಾಳೆ. ಉಂಡಿದಾಳೆ."